ಐದನೆಯ ಪೆನಾಲ್ಟಿ

ಮೂರನೆಯ ಸಲ ನೀರು ಹೊಯ್ಯುತ್ತಿದ್ದಾಗ ವಾಯಿಲ್‌ನ ಜೇಬಿನಲ್ಲಿ ಫೋನು ನಡುಗಿತು. ಅವನು ತಂಬಿಗೆ ಕೆಳಗಿಡಲಿಲ್ಲ. ಕರ್ಪೂರ ಬೆರೆಸಿದ ನೀರು ತಂದೆ ಲುತ್ಫಿಯ ಬಲ ಮೊಣಕಾಲಿನ ಹಳೆಯ ಹೊಲಿಗೆಯ ಗುರುತಿನ ಮೇಲೆ ಹರಿದು, ಕಲ್ಲಿನ ಹಲಗೆಯ ಅಂಚಿನಿಂದ ಇಳಿದು ಮೋರಿ ಸೇರಿತು.

"ಎಡಕ್ಕೆ ಹೊರಳಿಸಿ," ಎಂದರು ಮಸೀದಿಯ ಶೇಖ್ ಬಸ್ಯೂನಿ.

ಶಾಹೀನ್ ಭುಜ ಹಿಡಿದು ಹೊರಳಿಸಿದ. ದುಮ್ಯಾತ್‌ನ ಪೀಠೋಪಕರಣದ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಲುತ್ಫಿಯ ಪಕ್ಕದಲ್ಲಿ ಕೂತು ಕುರ್ಚಿಗಳಿಗೆ ಪಾಲಿಶ್ ಹಚ್ಚಿದವನು ಅವನು. ಶೇಖ್ ಲುತ್ಫಿಯ ಉಗುರುಗಳನ್ನು ಎರಡು ಸಲ ಉಜ್ಜಿದರು. ಕಂದು ಬಣ್ಣ ಬಿಡಲಿಲ್ಲ.

"ಅದು ಹೋಗಲ್ಲ ಶೇಖ್," ಎಂದ ಶಾಹೀನ್. "ನನ್ನದೂ ಹೋಗಲ್ಲ. ಅಲ್ಲಿ ಲೆಕ್ಕ ಕೇಳೋ ದೇವದೂತರು ವಾಸನೆ ನೋಡೇ ದುಮ್ಯಾತ್‌ನವನು ಅಂತಾರೆ."

ಫೋನು ಮತ್ತೆ ನಡುಗಿತು. ವಾಯಿಲ್ ಕೈ ಒರೆಸಿಕೊಂಡು ತೆಗೆದ. ಊರಿನ ಕ್ಲಬ್ಬಿನ ಕಾರ್ಯದರ್ಶಿ ಫಿಕ್ರಿ.

"ಎಲ್ಲಿದ್ದೀಯಾ?"

"ಅಪ್ಪಂಗೆ ಸ್ನಾನ ಮಾಡಿಸ್ತಿದ್ದೀವಿ."

"ಬೇಗ ಮುಗಿಸಿ. ಅಲ್ಲ ಅಲ್ಲ, ಬೇಗ ಬೇಡ, ನಿಧಾನ ಮಾಡಿ. ಕ್ಯಾಪ್ಟನ್ ಹಮ್ದಿ ಒಂಬತ್ತೂವರೆಗೆ ಕೈರೋ ಬಿಟ್ಟಿದ್ದಾರೆ. ಎರಡು ಟೀವಿಯವರು ಆಗಲೇ ಬಂದು ನನ್ನ ತಲೆ ತಿಂತಿದ್ದಾರೆ. ಮಧ್ಯಾಹ್ನದ ಜುಮ್ಮಾ ನಮಾಜಿಗೆ ಕ್ಯಾಪ್ಟನ್ ತಲುಪಲಿಲ್ಲ ಅಂದ್ರೆ ನಿಮ್ಮಪ್ಪನ್ನ ಸಂಜೆ ಅಸರ್ ನಮಾಜಿನವರೆಗೂ ಇಟ್ಕೊಳ್ಳೋಣ ಅಂತ ಶೇಖ್‌ಗೆ ಹೇಳು."

ಶೇಖ್‌ಗೆ ಅದು ಕೇಳಿಸಿತ್ತು. "ಹೆಣಾನ ಕಾಯಿಸಬಾರದು ಅಂತ ಅವನಿಗೆ ಹೇಳು," ಎಂದರು. "ಬದುಕಿದ್ದವರು ಬೇಕಾದ್ರೆ ಓಡ್ಲಿ."

ವಾಯಿಲ್ ಫೋನು ಒಳಗಿಟ್ಟ. ಶೇಖ್ ಹೆಣಕ್ಕೆ ಸುತ್ತುವ ಕಫನಿನ ಮೊದಲ ಬಟ್ಟೆ ಬಿಡಿಸುತ್ತ, ಮುಂದಿನದನ್ನೆಲ್ಲ ದಿನಾ ಹೇಳುವ ಧಾಟಿಯಲ್ಲೇ ಹೇಳಿದರು: "ಜುಮ್ಮಾ ಮುಗಿದ ಕೂಡಲೇ ಪೆಟ್ಟಿಗೆ ಮುಂದೆ ತರ್ತೀವಿ. ಇವರ ಮೇಲೆ ಯಾರಿಗಾದ್ರೂ ಸಿಟ್ಟಿದ್ರೆ ಬಿಟ್ಟುಬಿಡಿ ಅಂತ ನಾನು ಕೇಳ್ತೀನಿ. ಎಲ್ರೂ ಹೂಂ ಅಂತ ಗೊಣಗ್ತಾರೆ. ಅಲ್ಲಾಹು ಅಕ್ಬರ್ ಅಂತ ತಕ್ಬೀರ್ ಹೇಳ್ತೀನಿ. ಆಯ್ತು."

"ಅದನ್ನ ನಾನೇ ಕೇಳ್ಬೇಕು ಶೇಖ್. ಕೇಳಿ, ಉತ್ತರಕ್ಕೆ ಕಾಯ್ಬೇಕು."

"ಕಾಯೋದಾ? ಯಾರೂ ಕಾಯಲ್ಲ ಮಗನೇ. ಅದು ಪದ್ಧತಿಗೆ ಕೇಳೋ ಮಾತು."

"ಅಪ್ಪ ಕಾಯ್ಬೇಕು ಅಂದಿದ್ದಾರೆ. ಬಿಟ್ಟೆ ಅಂತ ಹಾಜಿ ಗಲಾಲ್ ಬಾಯಿಂದ ಬರೋವರೆಗೂ ನನ್ನ ಎತ್ತಬೇಡಿ ಅಂದ್ರು. ಆಸ್ಪತ್ರೇಲಿ ನನ್ನ ಕೈಲಿ ಆಣೆ ಮಾಡಿಸ್ಕೊಂಡ್ರು."

ಶೇಖ್ ಬಟ್ಟೆಯನ್ನು ಹಾಗೇ ಹಿಡಿದು ನಿಂತರು. ಹಾಜಿ ಗಲಾಲ್ ಯಾವ ಶುಕ್ರವಾರವೂ ಮೊದಲ ಸಾಲು ಬಿಟ್ಟು ಕೂತವನಲ್ಲ.

"ಅವನು ಬಿಡಲ್ಲ ಅಂದ್ರೆ?"

ವಾಯಿಲ್ ತಂಬಿಗೆ ಎತ್ತಿ ಬದಿಗಿಟ್ಟ. ಉತ್ತರ ಕೊಟ್ಟವನು ಶಾಹೀನ್: "ಅಂದ್ರೆ ಲುತ್ಫಿ ಮೇಸ್ತ್ರಿನ ವಾಪಸ್ ಮನೆಗೆ ಕರ್ಕೊಂಡು ಹೋಗೋದು. ಚಹಾ ಮಾಡಿಕೊಡೋದು."

*

1987ರ ಜೂನ್ 19, ಶುಕ್ರವಾರ. ದುಮ್ಯಾತ್‌ನ ಕ್ಲಬ್ಬು ದೇಶದ ಕಪ್ಪಿನ ಫೈನಲ್ ತಲುಪಿದ್ದು ಅದೊಂದೇ ಸಲ. ಊರಿನಿಂದ ನಲವತ್ಮೂರು ಬಸ್ಸು ಕೈರೋಗೆ ಹೋಗಿದ್ದವು. ಎದುರಾಳಿ ರಾಜಧಾನಿಯ ದೊಡ್ಡ ಕ್ಲಬ್ಬು. ಹೆಚ್ಚುವರಿ ಆಟ ಮುಗಿದಾಗಲೂ 1–1. ದುಮ್ಯಾತ್‌ನ ಗೋಲು ಹೊಡೆದವನು ಹಮ್ದಿ ಝಹ್ರಾನ್, ಇಪ್ಪತ್ಮೂರು ವರ್ಷ, ಜನ ಇಟ್ಟ ಹೆಸರು 'ಪಾದರಸ'.

ಬಲ ಬದಿಯ ರಕ್ಷಣೆಗೆ ನಿಂತಿದ್ದವನು ಲುತ್ಫಿ ಷರಬಾಸಿ, ಇಪ್ಪತ್ತೊಂಬತ್ತು. ಆ ದಿನದವರೆಗೆ ಕ್ಲಬ್ಬಿಗೆ ಇನ್ನೂರ ಹನ್ನೊಂದು ಪಂದ್ಯ ಆಡಿದ್ದ. ಒಂದೂ ಗೋಲು ಹೊಡೆದಿರಲಿಲ್ಲ. ಜನ ಅವನಿಗೆ ಯಾವ ಹೆಸರನ್ನೂ ಇಟ್ಟಿರಲಿಲ್ಲ.

ಪೆನಾಲ್ಟಿಗೆ ಐದು ಹೆಸರು ಬೇಕಿತ್ತು. ತರಬೇತುದಾರ ಸಿಗರೇಟಿನ ಪೊಟ್ಟಣದ ಹಿಂದೆ ಬರೆದುಕೊಂಡಿದ್ದ. ಐದನೆಯದು ಹಮ್ದಿ. ನಾಲ್ಕು ನಾಲ್ಕು ಹೊಡೆತ ಮುಗಿದಾಗ ದುಮ್ಯಾತ್ ಮೂರು, ಕೈರೋ ನಾಲ್ಕು. ಐದನೆಯದು ಹೊಕ್ಕರೆ ಉಳಿವು, ತಪ್ಪಿದರೆ ಮುಗಿಯಿತು.

ಹಮ್ದಿ ತೊಡೆ ಹಿಡಿದುಕೊಂಡು ಹುಲ್ಲಿನ ಮೇಲೆ ಕೂತ.

"ಸೆಳೆದುಕೊಂಡಿದೆ. ಆಗಲ್ಲ."

"ಈಗಲಾ?" ಎಂದ ತರಬೇತುದಾರ.

"ಆಗಲ್ಲ ಅಂದ್ನಲ್ಲ."

ತರಬೇತುದಾರ ಉಳಿದವರ ಮುಖ ನೋಡಿದ. ಒಬ್ಬ ಬೂಟಿನ ದಾರ ಕಟ್ಟಿಕೊಳ್ಳತೊಡಗಿದ. ಇನ್ನೊಬ್ಬ ನೀರಿನ ಬಾಟಲಿ ಹುಡುಕಿದ. ಲುತ್ಫಿ ಕೈ ಎತ್ತಿದ. ಅವನು ಯಾವ ಪಂದ್ಯದಲ್ಲೂ ಪೆನಾಲ್ಟಿ ಹೊಡೆದವನಲ್ಲ.

ಚೆಂಡು ಅಡ್ಡಪಟ್ಟಿಯ ಮೇಲೆ ಎರಡು ಮೀಟರ್ ಎತ್ತರದಲ್ಲಿ ಹಾದು ಗ್ಯಾಲರಿ ಸೇರಿತು. ಮರುದಿನದ ಪತ್ರಿಕೆಯೊಂದು ಆ ಹೊಡೆತವನ್ನು ರಾಕೆಟ್ ಎಂದು ಬರೆಯಿತು. ಅಂದಿನಿಂದ ಲುತ್ಫಿಗೂ ಒಂದು ಹೆಸರಾಯಿತು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಹಮ್ದಿ ಅವನ ಪಕ್ಕ ಬಂದು ಕೂತ. ಉಳಿದವರು ಸ್ನಾನಕ್ಕೆ ಹೋಗಿದ್ದರು.

"ತೊಡೆ ಹೇಗಿದೆ?" ಎಂದು ಕೇಳಿದ ಲುತ್ಫಿ.

"ತೊಡೆ ಚೆನ್ನಾಗೇ ಇದೆ." ಹಮ್ದಿ ದನಿ ತಗ್ಗಿಸಿದ. "ನಾನು ಅವರ ಕಡೆ ಸಹಿ ಹಾಕಿದ್ದೀನಿ ಲುತ್ಫಿ. ಹೋದ ತಿಂಗಳೇ. ನಾನು ಹೊಡೆದು ತಪ್ಪಿದ್ದಿದ್ರೆ ನಮ್ಮೂರವರು ಮಾರ್ಕೊಂಡ ಅಂತಿದ್ರು. ಗೋಲಾಗಿದ್ದಿದ್ರೆ ಅವರು ಕಾಗದ ಹರಿದು ಹಾಕ್ತಿದ್ರು. ನಾನೇನು ಮಾಡ್ಲಿ ಹೇಳು?"

ಲುತ್ಫಿ ಬೂಟು ಕಳಚಿಟ್ಟ. ಆಗ ಅದು ಒಂದು ಪಂದ್ಯ ಸೋತ ಸಂಗತಿ ಮಾತ್ರ.

ಗೆದ್ದಿದ್ದರೆ ನಲವತ್ಮೂರು ಬಸ್ಸುಗಳೂ ರಾತ್ರಿ ಕೈರೋದಲ್ಲೇ ಉಳಿಯಬೇಕೆಂದು ಮಾತಾಗಿತ್ತು. ಸೋತದ್ದರಿಂದ ಎಲ್ಲವೂ ಕೂಡಲೇ ಹೊರಟವು. ಹದಿನೇಳನೆಯ ಬಸ್ಸು ಮನ್ಸೂರಾ ದಾಟಿದ ಮೇಲೆ ಕಾಲುವೆಗೆ ಉರುಳಿತು. ಏಳು ಜನ ಸತ್ತರು. ಅವರಲ್ಲಿ ಒಬ್ಬ ಸಾಬಿರ್, ಹದಿನೇಳು ವರ್ಷ, ಮಶಬ್ಬಕ್ ಮಿಠಾಯಿ ಅಂಗಡಿಯ ಗಲಾಲ್‌ನ ಒಬ್ಬನೇ ಮಗ.

ವಿಚಾರಣೆಯ ವರದಿ ಬ್ರೇಕು ಕೆಟ್ಟಿತ್ತು ಎಂದಿತು. ಊರು ಅದನ್ನು ಓದಲಿಲ್ಲ. ಚೆಂಡು ಒಳಗೆ ಹೋಗಿದ್ದರೆ ಬಸ್ಸು ಹೊರಡುತ್ತಿರಲಿಲ್ಲ ಎಂಬುದು ಊರಿನ ಲೆಕ್ಕ. ಒಂಬತ್ತು ದಿನದ ನಂತರ ಹಮ್ದಿ ಕೈರೋ ಕ್ಲಬ್ಬಿನ ಅಂಗಿ ಹಿಡಿದು ನಿಂತ ಚಿತ್ರ ಪತ್ರಿಕೆಗಳಲ್ಲಿ ಬಂತು. ಊರು ಎರಡು ವಾರ ಬೈದು, ಅವನು ದೇಶದ ತಂಡಕ್ಕೆ ಮೊದಲ ಗೋಲು ಹೊಡೆದ ದಿನ ಮರೆತಿತು.

*

ಹನ್ನೊಂದು ಗಂಟೆಗೆ ವಾಯಿಲ್ ಬಟ್ಟೆ ಬದಲಿಸಲು ಮನೆಗೆ ಬಂದ. ಬೀದಿಯಲ್ಲಿ ಸಂಜೆಯ ಸಂತಾಪಕ್ಕೆ ಡೇರೆ ಹಾಕುತ್ತಿದ್ದರು. ಅವನು ಹೇಳಿದ್ದು ನಲವತ್ತು ಕುರ್ಚಿಯ ಡೇರೆ. ಹಾಕುತ್ತಿದ್ದುದು ಬೀದಿಯ ಎರಡೂ ತುದಿ ಮುಟ್ಟುವಂಥದ್ದು.

"ಫಿಕ್ರಿ ಸಾಹೇಬರು ಹೇಳಿದ್ರು," ಎಂದ ಡೇರೆಯವನು. "ಪಾದರಸ ಬರ್ತಾರಂತಲ್ಲ! ಅಂದ ಹಾಗೆ, ಸತ್ತವರು ಯಾರು?"

"ನಮ್ಮಪ್ಪ."

"ಅಯ್ಯೋ, ಅಲ್ಲಾಹ್ ನಿಮಗೆ ಸಮಾಧಾನ ಕೊಡಲಿ. ಅವರೂ ಆಡ್ತಿದ್ರಾ?"

ಹೆಂಗಸರೆಲ್ಲ ನಡುಮನೆಯಲ್ಲಿದ್ದರು. ತಾಯಿ ಕರೀಮಾ ಅವನನ್ನು ಅಡುಗೆಮನೆಗೆ ಕರೆದು ಬಾಗಿಲು ಹಾಕಿದಳು. ಕೈಯಲ್ಲಿ ಮೊಮ್ಮಗಳ ಫೋನು. ಕ್ಲಬ್ಬಿನ ಪುಟದಲ್ಲಿ 1987ರ ತಂಡದ ಚಿತ್ರ ಹಾಕಿದ್ದರು. ನಡುವೆ ಹಮ್ದಿ. 'ಹಳೆಯ ಸಹ ಆಟಗಾರನ ಅಗಲಿಕೆಗೆ ಹಮ್ದಿ ಝಹ್ರಾನ್ ಕಣ್ಣೀರು' ಎಂಬ ಸಾಲು. ಸತ್ತವನ ತಲೆಯ ಸುತ್ತ ಕೆಂಪು ಗೆರೆ ಎಳೆದಿದ್ದರು.

"ಇದು ಯಾರು ನೋಡು," ಎಂದಳು.

ಅದು ಬದಲಿ ಗೋಲ್‌ಕೀಪರ್. ಲುತ್ಫಿ ಸಾಲಿನ ತುದಿಯಲ್ಲಿದ್ದ. ಚಿತ್ರದ ಅಂಚು ಅವನ ಕಿವಿಯಿಂದಾಚೆ ಕತ್ತರಿಸಿತ್ತು.

"ಸರಿ ಮಾಡಿಸ್ತೀನಿ ಅಮ್ಮ."

"ಬೇಡ, ಅದು ಹಾಗೇ ಇರ್ಲಿ. ನೀನು ಇವತ್ತು ಬೇರೆ ಕೆಲಸ ಮಾಡು. ಮಸೀದಿ ತುಂಬಿರತ್ತೆ, ಅವನೂ ಎದುರಿಗಿರ್ತಾನೆ. ನಿಂತ್ಕೊಂಡು ಹೇಳಿಬಿಡು. ತೊಡೆ ಚೆನ್ನಾಗೇ ಇತ್ತು ಅಂತ ಹೇಳು."

"ಅಪ್ಪ ಅದನ್ನ ಹೇಳು ಅಂದಿರಲಿಲ್ಲ."

"ಹೇಳಬೇಡ ಅಂದಿದ್ರಾ?"

"ಕ್ಷಮೆ ಕೇಳು ಅಂದಿದ್ರು. ಅಷ್ಟೇ."

"ಮಾಡದೇ ಇರೋ ತಪ್ಪಿಗೆ!" ಕರೀಮಾ ಬಾಯಿಗೆ ತಲೆವಸ್ತ್ರದ ತುದಿ ಒತ್ತಿಕೊಂಡಳು, ಹೊರಗೆ ಹೆಂಗಸರಿದ್ದರು. "ಮೂವತ್ತಾರು ವರ್ಷ ಈ ಅಡುಗೆಮನೆ ಗೋಡೆಗೆ ಮಾತ್ರ ಗೊತ್ತಿದ್ದ ಮಾತು ಅದು. ನಾನು ಹೇಳೋಣ ಅಂದಾಗಲೆಲ್ಲ ಏನಂತಿದ್ರು ಗೊತ್ತಾ? ಯಾರು ನಂಬ್ತಾರೆ ಕರೀಮಾ, ತಪ್ಪು ಮಾಡಿ ಇನ್ನೊಬ್ಬನ ತಲೆಗೆ ಕಟ್ಟಿದ ಅಂತಾರೆ, ಇದ್ದ ಮರ್ಯಾದೇನೂ ಹೋಗತ್ತೆ. ಯಾವ ಮರ್ಯಾದೆ? ನನ್ನ ತಮ್ಮನ ಮದುವೆಗೆ ಬರಬೇಡಿ ಅಂದ್ರು. ತರಕಾರಿಯವನು ರಾಕೆಟ್ ಹೆಂಡ್ತಿ ಬಂದ್ಲು ಅಂತ ಕೂಗ್ತಿದ್ದ. ಯಾವ ಮರ್ಯಾದೆ ಇತ್ತೋ ವಾಯಿಲ್?"

ಅವನು ಅಂಗಿಯ ಗುಂಡಿ ಹಾಕಿಕೊಂಡ. ಮೇಲಿನದೊಂದು ತಪ್ಪು ಕಾಜಕ್ಕೆ ಬಿದ್ದಿತ್ತು. ಅವಳು ಬಿಚ್ಚಿ ಸರಿಯಾಗಿ ಹಾಕಿದಳು.

"ಹೇಳ್ತೀಯಾ?"

"ಹೇಳ್ತೀನಿ," ಎಂದ.

*

ವಾಯಿಲ್ ಎರಡನೆಯ ತರಗತಿಯಲ್ಲಿದ್ದಾಗ ಬಿಸ್ಕತ್ ಪೊಟ್ಟಣದಲ್ಲಿ ಬರುತ್ತಿದ್ದ ಆಟಗಾರರ ಚಿತ್ರಗಳು ಶಾಲೆಯಲ್ಲಿ ಕೈಯಿಂದ ಕೈಗೆ ಹೋಗುತ್ತಿದ್ದವು. ಅವಕ್ಕೊಂದು ದರವಿತ್ತು. ಒಂದು ಹಮ್ದಿ ಬೇಕಾದರೆ ಬೇರೆ ಆಟಗಾರರ ಹದಿನಾಲ್ಕು ಚಿತ್ರ ಕೊಡಬೇಕು. ಗೋಲ್‌ಕೀಪರ್‌ಗೆ ಆರು. ಕಂಪನಿ ಎಲ್ಲರ ಚಿತ್ರವನ್ನೂ ಒಂದೇ ಸಂಖ್ಯೆಯಲ್ಲಿ ಅಚ್ಚು ಹಾಕಿತ್ತು. ಆದ್ದರಿಂದ ಯಾರಿಗೂ ಬೇಡವಾದ ಲುತ್ಫಿ ಎಲ್ಲರ ಬಳಿಯೂ ಉಳಿದುಬಿಟ್ಟಿದ್ದ. ಒಂದು ದಿನ ಹುಡುಗರು ಅವನ್ನೆಲ್ಲ ಶಾಲೆಯ ಮೂತ್ರಿಯ ಗೋಡೆಗೆ ಸಾಲಾಗಿ ಅಂಟಿಸಿದರು. ವಾಯಿಲ್ ಗಂಟೆ ಹೊಡೆದ ಮೇಲೆ ಒಬ್ಬನೇ ನಿಂತು ಕಿತ್ತ. ಇಪ್ಪತ್ಮೂರು ಇದ್ದವು. ತೊಳೆದು ಮನೆಗೆ ತಂದ.

ಲುತ್ಫಿ ಅವನ್ನು ಒಂದೊಂದಾಗಿ ನೋಡಿದ. ಎಲ್ಲವೂ ಒಂದೇ ಚಿತ್ರ.

"ಕೂದಲು ಚೆನ್ನಾಗಿ ಬಂದಿದೆ," ಎಂದ.

ಫೈನಲ್ ಆದ ಮೇಲೆ ಅವನು ಒಂದು ಋತು ಆಡಿದ್ದ. ಚೆಂಡು ಮುಟ್ಟಿದಾಗಲೆಲ್ಲ ಸ್ವಂತ ಊರಿನ ಗ್ಯಾಲರಿ ಶಿಳ್ಳೆ ಹಾಕುತ್ತಿತ್ತು. ಚೆಂಡು ಬಾರದ ಜಾಗದಲ್ಲಿ ನಿಲ್ಲಲು ಕಲಿತ. ಬಲ ಬದಿಯ ರಕ್ಷಕ ಚೆಂಡು ಬಾರದಲ್ಲಿ ನಿಂತರೆ ಎದುರಾಳಿ ಅಲ್ಲಿಂದಲೇ ಬರುತ್ತಾನೆ. ಮಾರ್ಚ್ ಹೊತ್ತಿಗೆ ತಂಡದಿಂದ ಕೈಬಿಟ್ಟರು. ಆ ದೇಶದಲ್ಲಿ ಒಮ್ಮೆ ಆಡಿದವನನ್ನು ಸಾಯುವವರೆಗೂ ಕ್ಯಾಪ್ಟನ್ ಎಂದೇ ಕರೆಯುತ್ತಾರೆ. ಕಾರ್ಖಾನೆಯಲ್ಲಿ ಲುತ್ಫಿಯನ್ನು ಮೇಸ್ತ್ರಿ ಎಂದರು.

ಹಮ್ದಿ ಕೈರೋದಲ್ಲಿ ಹತ್ತು ವರ್ಷ, ದೇಶಕ್ಕಾಗಿ ಅರವತ್ನಾಲ್ಕು ಪಂದ್ಯ. ಆಮೇಲೆ ಟೀವಿ ಕಾರ್ಯಕ್ರಮ, ಮೊಸರಿನ ಜಾಹೀರಾತು, ಕೈರೋದಲ್ಲಿ ಪೀಠೋಪಕರಣದ ಮಳಿಗೆ. ಚಿನ್ನದ ಬಣ್ಣದ ಆ ಕುರ್ಚಿಗಳು ದುಮ್ಯಾತ್‌ನಿಂದಲೇ ಹೋಗುತ್ತಿದ್ದವು. ಕೆಲವಕ್ಕೆ ಪಾಲಿಶ್ ಹಚ್ಚಿದವನು ಲುತ್ಫಿ.

ಪ್ರತಿ ವರ್ಷ ಜೂನ್ 20ರ ಬೆಳಿಗ್ಗೆ ಲುತ್ಫಿ ತೊಳೆದ ಅಂಗಿ ತೊಟ್ಟು ಗಲಾಲ್‌ನ ಮನೆಗೆ ಹೋಗುತ್ತಿದ್ದ. ಬಾಗಿಲು ತಟ್ಟುತ್ತಿದ್ದ. ಮೊದಲ ವರ್ಷ ಗಲಾಲ್ ಕಾದ ಪಾಕದ ಸೌಟು ಹಿಡಿದು ಬಂದಿದ್ದ. ಆಮೇಲಿನ ವರ್ಷಗಳಲ್ಲಿ ಬಾಗಿಲು ತೆರೆಯುತ್ತಿದ್ದ, ಮುಖ ನೋಡುತ್ತಿದ್ದ, ಮುಚ್ಚುತ್ತಿದ್ದ. ಮೂವತ್ತಾರು ಸಲ ಹೀಗಾಯಿತು. ಕಳೆದ ಜೂನಿನಲ್ಲಿ ಲುತ್ಫಿಗೆ ನಡೆಯಲು ಆಗುತ್ತಿರಲಿಲ್ಲ. ವಾಯಿಲ್ ಅವನನ್ನು ಆಟೊದಲ್ಲಿ ಕರೆದೊಯ್ದ. ಗಲಾಲ್‌ಗೆ ಎಂಬತ್ತು ಆಗಿತ್ತು. ಬಾಗಿಲಿಗೆ ಬರಲು ಬಹಳ ಹೊತ್ತು ಹಿಡಿಯಿತು. ಇಬ್ಬರೂ ಹೊಸ್ತಿಲಿನ ಎರಡು ಬದಿ ಏದುಸಿರು ಬಿಡುತ್ತ ನಿಂತರು. ಆಮೇಲೆ ಬಾಗಿಲು ಮುಚ್ಚಿತು.

*

ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷ ಇರುವಾಗ ಹಮ್ದಿಯ ಕಾರು ಬಂತು. ಮಸೀದಿಯ ಮುಂದೆ ನಿಂತಿದ್ದವರು ಎರಡು ಭಾಗವಾದರು.

"ಯಾರ ಜನಾಜಾ?" ಎಂದು ಒಬ್ಬ ಕೇಳಿದ.

"ರಾಕೆಟ್ ಲುತ್ಫೀದು."

"ಓ, ಅವನಿನ್ನೂ ಬದುಕಿದ್ನಾ?"

"ಇಲ್ಲಪ್ಪ, ಅದಕ್ಕೇ ಪೆಟ್ಟಿಗೆ ತಂದಿರೋದು."

"ನೋಡು, ಆ ದೊಡ್ಡ ಮನುಷ್ಯ ಇಂಥವನಿಗೋಸ್ಕರ ಕೈರೋದಿಂದ ಬಂದಿದ್ದಾನೆ."

ಫಿಕ್ರಿ ದಾರಿ ಬಿಡಿಸುತ್ತ ಹಮ್ದಿಯನ್ನು ನೇರ ಪಕ್ಕದ ಕೋಣೆಗೆ ಕರೆತಂದ. ಅಲ್ಲಿ ಮುಚ್ಚಳ ಹಾಕಿದ ಪೆಟ್ಟಿಗೆಯ ಹತ್ತಿರ ವಾಯಿಲ್ ಒಬ್ಬನೇ ಕೂತಿದ್ದ. ಹಮ್ದಿ ಅವನನ್ನು ತಬ್ಬಿಕೊಂಡ. ಸುಗಂಧ ಘಮ್ಮೆಂದಿತು. ಐವತ್ತೊಂಬತ್ತರಲ್ಲೂ ಹೊಟ್ಟೆ ಬಂದಿರಲಿಲ್ಲ. ಫಿಕ್ರಿಗೆ ಹೊರಗೆ ಹೋಗುವಂತೆ ಕಣ್ಣಿನಲ್ಲೇ ಹೇಳಿ, ಬಾಗಿಲು ಮುಚ್ಚಿದ ಮೇಲೆ ಪೆಟ್ಟಿಗೆಯ ಮೇಲೆ ಕೈಯಿಟ್ಟ.

"ನೀನು ಮೇಷ್ಟ್ರು ಅಲ್ವಾ?"

"ಹೌದು. ಗಣಿತ."

"ಒಳ್ಳೇದು. ಹಾಗಾದ್ರೆ ಬೇಗ ಅರ್ಥ ಆಗತ್ತೆ. ಗಲಾಲ್‌ನ ಕೇಳ್ತೀಯಂತೆ, ಕಾಯ್ತೀಯಂತೆ. ಫಿಕ್ರಿ ಹೇಳಿದ."

"ಅಪ್ಪ ಆಣೆ ಹಾಕಿಸ್ಕೊಂಡಿದ್ದಾರೆ."

"ಗಲಾಲ್ ಬಿಡಲ್ಲ ಅಂತಾನೆ. ಆಗ ನೀನು ನನ್ನ ತೊಡೆ ವಿಷಯ ಎತ್ತುತ್ತೀಯ."

ವಾಯಿಲ್ ತಲೆ ಎತ್ತಿದ.

"ನಿಮ್ಮಮ್ಮ ಹೇಳದೇ ಇರ್ತಾರಾ," ಎಂದ ಹಮ್ದಿ. ಸ್ವರದಲ್ಲಿ ಸಿಟ್ಟಿರಲಿಲ್ಲ. "ಹೇಳು. ನಾನು ಸುಳ್ಳು ಅನ್ನಲ್ಲ, ಮಸೀದೀಲಿ ನಿಂತು ಸುಳ್ಳು ಹೇಳೋ ವಯಸ್ಸಲ್ಲ ನಂದು. ಸುಮ್ನೆ ತಲೆ ತಗ್ಗಿಸಿ ನಿಲ್ತೀನಿ. ಆಮೇಲೆ ಏನಾಗತ್ತೆ ಲೆಕ್ಕ ಹಾಕು. ಸತ್ತ ಮೇಲೂ ಇನ್ನೊಬ್ಬನ ತಲೆಗೆ ಕಟ್ಟಿದ ಅಂತಾರೆ ನಿಮ್ಮಪ್ಪನ್ನ. ನಿನ್ನನ್ನ ಅವರಪ್ಪನ ಮಗ ಅಂತಾರೆ. ಇನ್ನು ಗಲಾಲ್. ಅವನು ನಂಬಿದ ಅಂತಲೇ ಇಟ್ಕೋ. ಆಗ ಅವನು ಬಿಟ್ಟೆ ಅಂತಾನಾ? ಇಲ್ಲ. ಒಬ್ಬನ್ನ ದ್ವೇಷಿಸ್ತಿದ್ದವನು ಇಬ್ಬರನ್ನ ದ್ವೇಷಿಸ್ತಾನೆ. ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ನಲ್ಲ ಲುತ್ಫಿ, ಅದಕ್ಕೆ."

ಹೊರಗೆ ಯಾರೋ 'ಪಾದರಸ' ಎಂದು ಕೂಗಿದರು, ಯಾರೋ ಗದರಿಸಿದರು.

"ನಿಮ್ಮಪ್ಪ ಕೇಳಿದ್ದು ಏನು? ನಿಜ ಹೇಳು ಅಂತಾನಾ, ಕ್ಷಮೆ ಕೊಡಿಸು ಅಂತಾನಾ?"

"ಕ್ಷಮೆ."

"ಅದು ನನ್ನ ಕೈಲಾಗತ್ತೆ. ನಿನ್ನ ಕೈಲಾಗಲ್ಲ." ಹಮ್ದಿ ಟೈ ಸರಿಮಾಡಿಕೊಂಡ. "ನಾನೂ ಅವನಿಗೆ ಏನಾದ್ರೂ ಮಾಡ್ಬೇಕು ಅಂತಲೇ ಬಂದಿದ್ದೀನಿ ವಾಯಿಲ್. ಮಾಡೋಕೆ ಬಿಡು."

*

ಜುಮ್ಮಾ ಮುಗಿದು ಪೆಟ್ಟಿಗೆ ಮುಂದೆ ಬಂತು. ಮಸೀದಿ ತುಂಬಿ ಮೆಟ್ಟಿಲು ತುಂಬಿ ಬೀದಿಯವರೆಗೆ ಚಾಪೆ ಹಾಸಿದ್ದರು. ವಾಯಿಲ್ ಧ್ವನಿವರ್ಧಕದ ಮುಂದೆ ನಿಂತ. ಮೊದಲ ಸಾಲಿನ ಬಲತುದಿಯಲ್ಲಿ, ಕಂಬಕ್ಕೆ ಒರಗಿ ಹಾಜಿ ಗಲಾಲ್. ನಡುವೆ ಹಮ್ದಿ.

"ನಮ್ಮ ತಂದೆ ಲುತ್ಫಿ ಷರಬಾಸಿ ನಿಮ್ಮೆಲ್ಲರ ಮುಂದೆ ಇದ್ದಾರೆ," ಎಂದ. "ಅವರ ಮೇಲೆ ಸಿಟ್ಟಿರೋರು ಬಿಟ್ಟುಬಿಡಿ ಅಂತ ಅವರ ಪರವಾಗಿ ಕೇಳ್ತಿದ್ದೀನಿ."

ಎಲ್ಲರೂ ರೂಢಿಯಂತೆ ಗೊಣಗಿದರು. ಶೇಖ್ ಬಸ್ಯೂನಿ ತಕ್ಬೀರ್‌ಗೆ ಕೈ ಎತ್ತಲಿಲ್ಲ. ವಾಯಿಲ್ ಜಾಗ ಬಿಡಲಿಲ್ಲ. ಹಿಂದಿನ ಸಾಲುಗಳಲ್ಲಿ ಜನ ಕತ್ತು ಉದ್ದ ಮಾಡಿದರು.

"ಹಾಜಿ ಗಲಾಲ್," ಎಂದ ವಾಯಿಲ್. "ನಿಮ್ಮ ಉತ್ತರ ಕೇಳದೆ ಎತ್ತಬೇಡಿ ಅಂತ ಹೇಳಿ ಹೋಗಿದ್ದಾರೆ."

ಗಲಾಲ್ ಕಂಬ ಹಿಡಿದು ಎದ್ದ. ಪಕ್ಕದವರು ಕೈಕೊಟ್ಟರೆ ತಳ್ಳಿದ.

"ಮೂವತ್ತಾರು ಸಲ ಬಂದ," ಎಂದ. ಧ್ವನಿವರ್ಧಕ ಬೇಕಾಗಲಿಲ್ಲ. "ಮೂವತ್ತಾರು ಸಲ ಉತ್ತರ ಕೊಟ್ಟಿದ್ದೀನಿ. ನನ್ನ ಮಗ ಬದುಕಿದ್ದಿದ್ರೆ ಐವತ್ಮೂರು ವರ್ಷ ಆಗ್ತಿತ್ತು. ಬಿಡಲ್ಲ."

"ಹಾಜಿ, ಸತ್ತವರ ಮುಂದೆ—" ಎಂದರು ಶೇಖ್.

"ನನ್ನ ಹತ್ರಾನೂ ಸತ್ತವನು ಒಬ್ಬ ಇದ್ದಾನೆ ಶೇಖ್. ಅವನನ್ನ ಕೇಳಿ."

ವಾಯಿಲ್ ಬಾಯಿ ತೆರೆದ. ಹೇಳಬೇಕಾದ ವಾಕ್ಯ ಅವನ ಬಳಿ ಸಿದ್ಧವಾಗಿತ್ತು, ಮೂರು ಪದದ್ದು. ಹಮ್ದಿ ಅವನನ್ನೇ ನೋಡುತ್ತಿದ್ದ. ಅವಸರಪಡಲಿಲ್ಲ. ಮೇಷ್ಟ್ರು ಕಪ್ಪುಹಲಗೆಯ ಮುಂದೆ ವಿದ್ಯಾರ್ಥಿಗೆ ಸಮಯ ಕೊಡುವಂತೆ ಕೊಟ್ಟ.

ವಾಯಿಲ್ ಬಾಯಿ ಮುಚ್ಚಿದ.

ಆಗ ಹಮ್ದಿ ಸಾಲು ಬಿಟ್ಟು ಹೊರಬಂದು, ಗಲಾಲ್‌ನ ಮುಂದೆ ನಿಂತು, ಮುದುಕನ ಎರಡೂ ಕೈ ಹಿಡಿದುಕೊಂಡ. ಕ್ಯಾಮೆರಾದವರು ಚಪ್ಪಲಿ ಕಳಚಿ ಒಳನುಗ್ಗಿದರು.

"ಹಾಜಿ, ಆ ಪೆನಾಲ್ಟಿ ನಾನು ಹೊಡೀಬೇಕಿತ್ತು," ಎಂದ ಹಮ್ದಿ. ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. "ನನ್ನ ಹೆಸರೇ ಬರೆದಿದ್ರು. ಅಲ್ಲಾಹ್ ನನ್ನ ಕಾಲು ಹಿಡ್ಕೊಂಡ. ಚೆಂಡು ಲುತ್ಫಿ ಕೈಗೆ ಹೋಯ್ತು. ಅವನು ತಪ್ಪಿದ. ಮನುಷ್ಯ, ತಪ್ಪಿದ. ಆ ಕಪ್ಪು ನನ್ನ ಕೈಯಿಂದಲೂ ಹೋಯ್ತಲ್ಲ ಹಾಜಿ? ನಾನವನನ್ನ ಅವತ್ತೇ ಕ್ಷಮಿಸಿದೆ, ಬಟ್ಟೆ ಬದಲಿಸೋ ಕೋಣೇಲೇ. ಸಾಬಿರ್ ನನ್ನ ಅಭಿಮಾನಿ ಆಗಿದ್ದ ಅಂತ ಕೇಳಿದ್ದೀನಿ. ನಾನು ಹೊಡೆದ ಒಂದೊಂದು ಗೋಲೂ ಅವನಿಗೇ ಅಂದ್ಕೊಳ್ಳಿ. ನನಗೋಸ್ಕರ ಬಿಟ್ಟುಬಿಡಿ."

ಗಲಾಲ್ ಕೈ ಬಿಡಿಸಿಕೊಳ್ಳಲಿಲ್ಲ.

"ಅವನು ಸತ್ತ ದಿನವೂ ನಿನ್ನ ಅಂಗಿ ಹಾಕಿದ್ದ," ಎಂದ. "ಒಂಬತ್ತನೇ ನಂಬರಿನದು."

"ಗೊತ್ತು ಹಾಜಿ."

"ನಿನ್ನ ಮುಖ ನೋಡಿ ಬಿಟ್ಟೆ ಕ್ಯಾಪ್ಟನ್. ಅವನ ಮುಖ ನೋಡಿ ಅಲ್ಲ."

ಹಮ್ದಿ ಮುದುಕನ ಹಣೆಗೆ ಮುತ್ತಿಟ್ಟ. ಹಿಂದಿನಿಂದ ತಕ್ಬೀರ್ ಕೂಗು ಎದ್ದಿತು. "ನಾವೂ ಬಿಟ್ಟೆವು," ಎಂದು ಯಾರೋ ಅತ್ತರು. "ಎಂಥ ಹೃದಯ ನೋಡು," ಎಂದ ಇನ್ನೊಬ್ಬ. ಬೀದಿಯ ಚಾಪೆಗಳವರೆಗೆ ಸುದ್ದಿ ಹೋಯಿತು: ಪಾದರಸ ರಾಕೆಟ್‌ನನ್ನು ಕ್ಷಮಿಸಿದ.

ಶೇಖ್ ಬಸ್ಯೂನಿ ವಾಯಿಲ್‌ನ ಕಡೆ ತಿರುಗಿದರು. "ಇನ್ನೇನಾದ್ರೂ ಹೇಳೋದಿದೆಯಾ ಮಗನೇ?"

ಎಲ್ಲರೂ ಅವನ ಬಾಯಿಯನ್ನೇ ನೋಡಿದರು. ಒಬ್ಬ ಧ್ವನಿವರ್ಧಕವನ್ನು ಅವನ ಹತ್ತಿರಕ್ಕೆ ಸರಿಸಿದ.

"ಅಲ್ಲಾಹ್ ನಿಮಗೆ ಒಳ್ಳೇದು ಮಾಡಲಿ ಕ್ಯಾಪ್ಟನ್," ಎಂದ ವಾಯಿಲ್.

*

ಮಸೀದಿಯಿಂದ ಹೊರಟಾಗ ಪೆಟ್ಟಿಗೆಯ ಮುಂದಿನ ಬಲಭಾಗಕ್ಕೆ ಹಮ್ದಿ ಹೆಗಲು ಕೊಟ್ಟ. ಆ ಬದಿಯಲ್ಲಿ ಹೆಗಲು ಕೊಡಲು ಎಷ್ಟು ಜನ ನುಗ್ಗಿದರೆಂದರೆ ಪೆಟ್ಟಿಗೆ ಎಡಕ್ಕೆ ವಾಲಿತು. ಎಡಬದಿಯಲ್ಲಿ ಶಾಹೀನ್ ಇದ್ದ. "ಏ, ಈ ಕಡೇನೂ ಒಬ್ಬ ಸತ್ತಿದ್ದಾನೆ ಕಣ್ರೋ," ಎಂದು ಕೂಗಿದ. ಯಾರೂ ಬರಲಿಲ್ಲ.

ಸ್ಮಶಾನದಲ್ಲಿ ನೆಲ ಎರಡಡಿ ಅಗೆದರೆ ನೀರು. ಆದ್ದರಿಂದ ಗೋರಿಗಳನ್ನು ನೆಲದ ಮೇಲೆಯೇ ಇಟ್ಟಿಗೆಯಿಂದ ಕಮಾನು ಕಟ್ಟಿ ಮಾಡುತ್ತಾರೆ. ಒಂದು ಬದಿಗೆ ಮೊಣಕಾಲೆತ್ತರದ ಕಿಂಡಿ. ವಾಯಿಲ್ ಮತ್ತು ಶಾಹೀನ್ ತೆವಳಿಕೊಂಡು ಒಳಗೆ ಹೋದರು. ಹೊರಗಿನಿಂದ ಕಫನ್ ಸುತ್ತಿದ ದೇಹವನ್ನು ಕೊಡಲು ಐದಾರು ಜನ ನಿಂತರು. ಕಾಲಿನ ಕಡೆ ಹಾಜಿ ಗಲಾಲ್ ನಿಂತಿದ್ದ. ಬಿಟ್ಟೆ ಎಂದ ಮೇಲೆ ಕೈಯನ್ನೂ ಕೊಡುತ್ತೇನೆ ಎಂದು ಹಟ ಹಿಡಿದಿದ್ದ.

"ಬಿಸ್ಮಿಲ್ಲಾ," ಎಂದರು ಶೇಖ್, ಹೊರಗಿನಿಂದ.

ತಲೆ ಒಳಗೆ ಬಂತು. ವಾಯಿಲ್ ಭುಜಗಳನ್ನು ಹಿಡಿದುಕೊಂಡ. ಒಳಗೆ ಎದ್ದು ನಿಲ್ಲಲು ಎತ್ತರವಿರಲಿಲ್ಲ. ಮೊಣಕಾಲೂರಿ ಹಿಂದಕ್ಕೆ ಸರಿಯುತ್ತ ಎಳೆದ. ಎದೆ ಬಂತು. ಸೊಂಟದವರೆಗೆ ಬಂದು ದೇಹ ನಿಂತಿತು.

"ಸ್ವಲ್ಪ ತಳ್ಳಿ," ಎಂದ.

ಹೊರಗೆ ಫಿಕ್ರಿಯ ದನಿ: "ಕ್ಯಾಪ್ಟನ್ ಹೊರಟ್ರು! ಆರು ಗಂಟೆಗೆ ಅವರಿಗೆ ಟೀವಿ ಕಾರ್ಯಕ್ರಮ ಇದೆ. ಚಿತ್ರ ಬೇಕಾದವರು ಬೇಗ ಬನ್ನಿ, ಗೇಟ್ ಹತ್ರ. ಹಾಜಿ ಗಲಾಲ್ ಎಲ್ಲಿ? ಹಾಜಿ, ಕ್ಯಾಪ್ಟನ್ ನಿಮ್ಮನ್ನ ಕೇಳ್ತಿದ್ದಾರೆ!"

"ತಳ್ರಪ್ಪಾ," ಎಂದು ಶಾಹೀನ್ ಕೂಗಿದ. "ಅರ್ಧ ಹೊರಗಿದೆ."

ಕಿಂಡಿಯ ಬೆಳಕನ್ನು ಲುತ್ಫಿಯ ಬಿಳಿ ಬಟ್ಟೆಯ ಸೊಂಟ ಮುಕ್ಕಾಲುಭಾಗ ಮುಚ್ಚಿತ್ತು. ಅದರ ಪಕ್ಕದ ಸಂದಿಯಲ್ಲಿ ವಾಯಿಲ್‌ಗೆ ಹೊರಗಿನ ಮರಳು ಕಾಣುತ್ತಿತ್ತು, ಮರಳಿನ ಮೇಲೆ ಚಪ್ಪಲಿಗಳು, ಬೂಟುಗಳು, ಗಲಾಲ್‌ನ ಹಿಂಭಾಗ ತುಳಿದು ಚಪ್ಪಟೆಯಾದ ಕಪ್ಪು ಜೋಡು. ಅವೆಲ್ಲದರ ತುದಿ ಅವನ ಕಡೆಗಿತ್ತು. ಮೊದಲು ಒಂದು ಜೊತೆ ಬೂಟು ತಿರುಗಿತು. ಆಮೇಲೆ ಇನ್ನೆರಡು. ಕಪ್ಪು ಜೋಡು ಸ್ವಲ್ಪ ತಡೆಯಿತು, ಒಂದು ಹೆಜ್ಜೆ ಹಿಂದೆ ಹೋಯಿತು, ಅದೂ ತಿರುಗಿತು.

ವಾಯಿಲ್ ತಂದೆಯ ಭುಜ ಬಿಡದೆ ಕತ್ತಲಲ್ಲಿ ಮೊಣಕಾಲೂರಿ ಕಾದ. ಸಂದಿಯಲ್ಲಿ ಈಗ ಕಾಣುತ್ತಿದ್ದವು ಹಿಮ್ಮಡಿಗಳು ಮಾತ್ರ.